ನಾಲ್ಕು ಇಂಚು ಎತ್ತರ

ಕುಲಶೇಖರದ ಏರಿನಲ್ಲಿ ಆ ಜೀಪು ಗೇರು ಇಳಿಸಿದ ಸದ್ದಿಗೇ ಒಸ್ವಾಲ್ಡನಿಗೆ ಅದು ಯಾರದೆಂದು ಗೊತ್ತಾಯಿತು. ಅವನು ಗ್ಯಾರೇಜಿನ ಎದುರಿನ ನಳ್ಳಿಯಲ್ಲಿ ಕೈ ತೊಳೆಯುತ್ತಿದ್ದ. ಸಾಬೂನಿನ ನೊರೆ ಮೊಣಕೈವರೆಗೆ ಇತ್ತು. ಮೂರು ವರ್ಷದಿಂದ ಹಳೆಯ ಡೀಸೆಲ್ ಜೀಪು ಯಾವುದು ಹಾದುಹೋದರೂ ಅವನ ಬೆನ್ನು ಒಮ್ಮೆ ಸೆಟೆದು, ಅದಲ್ಲ, ಬೇರೆ ಯಾವುದೋ ಎಂದು ತಿಳಿದ ಮೇಲೆ ಸಡಿಲವಾಗುತ್ತಿತ್ತು. ಇವತ್ತು ಸಡಿಲವಾಗಲಿಲ್ಲ. ಜೀಪು ಮುಖ್ಯರಸ್ತೆ ಬಿಟ್ಟು ಅವನ ಓಣಿಗೇ ತಿರುಗಿತು. ಶಟರ್ ಎಳೆದುಬಿಟ್ಟರೆ ಹೇಗೆ, ಶನಿವಾರ, ಅರ್ಧ ದಿನ ಎಂದರಾಯಿತು ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಮಸ್ಕತ್ತಿನ ಮರಳಿನಲ್ಲಿ ಹನ್ನೆರಡು ವರ್ಷ ಗಾಡಿ ರಿಪೇರಿ ಮಾಡಿ ಬಂದವನು, ಜೀಪು ಎತ್ತರ ಮಾಡಿಸುವುದಾದರೆ ಒಸ್ವಾಲ್ಡನ ಹತ್ತಿರವೇ ಹೋಗಿ ಎಂದು ಊರಿನವರಿಂದ ಹೇಳಿಸಿಕೊಂಡವನು, ಐವತ್ತೆಂಟನೆಯ ವಯಸ್ಸಿನಲ್ಲಿ ನೊರೆ ಕೈಯಲ್ಲಿ ನಿಂತು ಶಟರಿಗೆ ಎಷ್ಟು ಹೆಜ್ಜೆ ಎಂದು ಅಂದಾಜು ಹಾಕುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಅಷ್ಟರಲ್ಲಿ ಜೀಪು ಅಂಗಳಕ್ಕೆ ಬಂದು ನಿಂತೇಬಿಟ್ಟಿತು.

ಸ್ಟೇರಿಂಗ್ ಹಿಡಿದಿದ್ದವಳು ಭವ್ಯಶ್ರೀ. ಪಕ್ಕದ ಸೀಟಿನಲ್ಲಿ ಅವಳ ಗಂಡ ಹಿತೇಶ್, ಮಡಿಲಲ್ಲಿ ಒಂದು ಬಟ್ಟೆಯ ಚೀಲ ಇಟ್ಟುಕೊಂಡು, ಬಸ್ಸಿನಲ್ಲಿ ಕೂತವರ ಹಾಗೆ ಕೂತಿದ್ದ. ಒಸ್ವಾಲ್ಡನಿಗೆ ನೆನಪಿದ್ದ ಹಿತೇಶ್ ಹೀಗಿರಲಿಲ್ಲ. ಆ ಹಿತೇಶ್ ಕಾಟಿಪಳ್ಳದಿಂದ ಇಲ್ಲಿಯವರೆಗೆ ಒಂದು ಕೈಯಲ್ಲಿ ಗಾಡಿ ಓಡಿಸಿಕೊಂಡು ಬಂದು, ಇಳಿಯುವ ಮೊದಲೇ ಬಾನೆಟ್ ತೆರೆಯುತ್ತಿದ್ದ. ಗೋದಾಮಿನ ಕೆಲಸ ಮುಗಿಸಿ ಬಂದವನು ಗ್ಯಾರೇಜಿನಲ್ಲಿ ಎರಡು ಗಂಟೆ ಸುಮ್ಮನೆ ಕೂತು ಮಾತಾಡಿ ಹೋಗುತ್ತಿದ್ದ. ಈಗ ಇಳಿದವನು ನಮಸ್ಕಾರದ ಹಾಗೆ ತಲೆಯಾಡಿಸಿ ಗೇಟಿನ ಪಕ್ಕದ ಪೇರಳೆ ಮರದ ನೆರಳಿಗೆ ಹೋಗಿ ನಿಂತ. ಮಾತೆಲ್ಲ ಭವ್ಯಶ್ರೀಯದೇ. ಅವಳು ಬಲ್ಮಠದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುವವಳು, ಮಾತೂ ಹಾಗೆಯೇ, ಉಸಿರು ಬಿಗಿ ಹಿಡಿಯಿರಿ, ಬಿಡಿ ಎಂಬಂತೆ. ಹಿಂದಿನಿಂದ ಪೇಪರು ಸುತ್ತಿದ ನಾಲ್ಕು ಶಾಕ್ ಅಬ್ಸಾರ್ಬರುಗಳನ್ನು ತೆಗೆದು ಒಂದೊಂದಾಗಿ ಬೆಂಚಿನ ಮೇಲೆ ಇಟ್ಟಳು. ಅವು ಸಾಮಾನು ಸಾಗಿಸುವ ಪಿಕಪ್ಪಿನವು, ಬಂದರಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದವು. ಈಗ ಗಾಡಿಯಲ್ಲಿರುವವು, ಮೂರು ವರ್ಷದ ಹಿಂದೆ ಬೇರೆ ಕಡೆ ಹಾಕಿಸಿದವು, ತೀರಾ ಗಿಡ್ಡ, ಎತ್ತರ ಮಾಡಿದ ಗಾಡಿಗೆ ಸಾಲುವುದಿಲ್ಲ, ಚಕ್ರ ಹೊಂಡಕ್ಕೆ ಇಳಿದರೆ ಟಕ್ಕೆಂದು ಸೊಂಟಕ್ಕೇ ಬಡಿಯುತ್ತದೆ ಎಂದಳು. ಒಂದೂವರೆ ವರ್ಷದ ಹಿಂದೆ ತಾನು ಡ್ರೈವಿಂಗ್ ಕಲಿತದ್ದು, ಟಾರ್ಪಾಲು ಮುಚ್ಚಿ ನಿಲ್ಲಿಸಿದ್ದ ಈ ಜೀಪನ್ನು ಗಂಡ ಮಾರುತ್ತೇನೆಂದಾಗ ತಾನು ಬಿಡದೇ ಇದ್ದದ್ದು, ಡಿಸೆಂಬರಿನಲ್ಲಿ ಗುಡ್ಡದ ದಾರಿಯಲ್ಲಿ ಜೀಪು ಓಡಿಸುವ ಸ್ಪರ್ಧೆಯಲ್ಲಿ ಹೆಂಗಸರ ವಿಭಾಗಕ್ಕೆ ಹೆಸರು ಕೊಟ್ಟದ್ದು, ಎಲ್ಲವನ್ನೂ ಹೇಳಿದಳು. ಹೇಳುವಾಗ ಬಲಗೈಯನ್ನು ತಿರುಗಿಸಿದ ರೀತಿಯನ್ನು ಒಸ್ವಾಲ್ಡ್ ನೋಡಿದ. ಮಣಿಕಟ್ಟು ಅರ್ಧಕ್ಕೇ ನಿಂತು, ಉಳಿದದ್ದನ್ನು ಮೊಣಕೈ ಮುಗಿಸಿತು.

“ಕಳೆದ ಸಲ ಮಾಡಿದ ಹಾಗೇ ಮಾಡಿ ಕೊಡಿ ಪೊರ್ಬುಲೆ,” ಎಂದಳು, ತುಳುವರು ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ಹಾಗೆ. “ರಾಡಿಗೆ ರಿಂಗ್ ವೆಲ್ಡ್ ಮಾಡಿ ಕೂರಿಸಿದ್ದಿರಲ್ಲ. ಅದು ಒಳ್ಳೆದಿತ್ತು. ಗಾಡಿಯದ್ದು ಎಂತ ತಪ್ಪು ಇರಲಿಲ್ಲ.”

ಅವಳು ಅದನ್ನು ಗೇಟಿನ ಕಡೆ ನೋಡಿ ಹೇಳಲಿಲ್ಲ. ಚುಚ್ಚಿಯೂ ಹೇಳಲಿಲ್ಲ. ನಿನ್ನೆ ಮಳೆ ಬಂದಿರಲಿಲ್ಲ ಎಂಬಷ್ಟು ಸಹಜವಾಗಿ ಹೇಳಿದಳು. ಮರದ ಕೆಳಗಿದ್ದ ಹಿತೇಶ್ ಕಾಯಿಯೊಂದನ್ನು ಉಗುರಿನಿಂದ ಕೆರೆಯುತ್ತಿದ್ದ. ಒಸ್ವಾಲ್ಡನಿಗೆ ಏನಾದರೂ ಮಾಡಬೇಕಿತ್ತು, ಜೀಪನ್ನು ಸ್ವಲ್ಪ ಹಿಂದೆ ತೆಗೆದು ರಿಪೇರಿಯ ಹೊಂಡದ ಮೇಲೆ ನಿಲ್ಲಿಸುತ್ತೀರಾ ಎಂದು ಹಿತೇಶನನ್ನು ಕೇಳಿದ. ಹಳೆಯ ಅಭ್ಯಾಸದಿಂದ ಬಂದ ಮಾತು ಅದು. ಹಿತೇಶ್ ತಲೆಯೆತ್ತಿ ನಕ್ಕು, “ಅವಳೇ ತೆಗೀತಾಳೆ. ನಾನು ಓಡಿಸುವುದು ಬಿಟ್ಟಿದ್ದೇನೆ,” ಎಂದ. ಬೀಡಿ ಬಿಟ್ಟವರು ಹೇಳುವ ಹಾಗೆ ಹೇಳಿದ.

ಭವ್ಯಶ್ರೀ ಒಂದೇ ಸಲಕ್ಕೆ ಗಾಡಿಯನ್ನು ಹೊಂಡದ ಮೇಲೆ ಸರಿಯಾಗಿ ನಿಲ್ಲಿಸಿದಳು. ಒಸ್ವಾಲ್ಡ್ ಟೇಪು ಹಿಡಿದು ಕೆಳಗಿಳಿದ. ಹೊಂಡದೊಳಗಿನ ತಂಪು, ಹಳೆಯ ಆಯಿಲಿನ ವಾಸನೆ, ತಲೆಯ ಮೇಲೆ ಜೀಪಿನ ಹೊಟ್ಟೆ. ಸ್ಪ್ರಿಂಗ್ ಪಟ್ಟಿಗಳ ಕೆಳಗೆ ಇಟ್ಟ ಕಬ್ಬಿಣದ ತುಂಡುಗಳು ಅವನೇ ಕೂರಿಸಿದವು. ಅವುಗಳಿಂದಲೇ ಈ ಗಾಡಿ ನಾಲ್ಕು ಇಂಚು ಎತ್ತರ ನಿಂತಿದ್ದು. ಇಲ್ಲಿ ಯಾರೂ ಕಾಣದ ಹಾಗೆ ಕಣ್ಣು ಮುಚ್ಚಬಹುದಿತ್ತು, ಮುಚ್ಚಿದ. ಮುಚ್ಚಿದರೆ ಮೂರು ವರ್ಷದ ಹಿಂದಿನ ಆ ದಿನ. ಮೇರಿ ಮಾತೆಯ ಮೊಂತಿ ಹಬ್ಬದ ದಿನ, ಬೆಳಿಗ್ಗೆ ಹೊಸ ತೆನೆ ಆಶೀರ್ವಾದ ಮಾಡಿಸಿ ತಂದಾಗಿತ್ತು, ಮನೆಯಲ್ಲಿ ನೆಂಟರು ಬಂದಾಗಿತ್ತು, ತರಕಾರಿ ಊಟಕ್ಕೆ ಎಲೆ ಹಾಕಲು ಇವನಿಗೇ ಕಾಯುತ್ತಿದ್ದರು. ಹಿತೇಶ್ ಫೋನು ಮಾಡಿ, ನಾಳೆ ಬೆಳಿಗ್ಗೆ ನಾವು ಹೊರಡುವುದು, ಹೇಗಾದರೂ ಮುಗಿಸಿ ಎಂದಿದ್ದ. ಶಾಕಿನ ರಾಡಿನ ಮೇಲೆ ಕನ್ನಡಿಯಂಥ ಕ್ರೋಮಿನ ಪದರ ಇರುತ್ತದೆ. ಅದನ್ನು ಗ್ರೈಂಡರಿನಿಂದ ಪೂರ್ತಿ ಉಜ್ಜಿ, ಒಳಗಿನ ಕಬ್ಬಿಣ ಕಂಡ ಮೇಲೆಯೇ ವೆಲ್ಡ್ ಮಾಡಬೇಕು, ಇಲ್ಲದಿದ್ದರೆ ಬೆಸುಗೆ ಮೇಲೆ ಮೇಲೆ ಕೂರುತ್ತದೆ, ಒಳಗೆ ಹಿಡಿಯುವುದಿಲ್ಲ. ಮೂರಕ್ಕೆ ಉಜ್ಜಿದ್ದ. ನಾಲ್ಕನೆಯದಕ್ಕೆ ಗ್ರೈಂಡರಿನ ಚಕ್ರ ಮುರಿಯಿತು. ಹೊಸ ಚಕ್ರ ತರಲು ಅಂಗಡಿಗೆ ಹೋಗಬೇಕು, ಹಬ್ಬದ ದಿನ ಯಾವ ಅಂಗಡಿ, ಮನೆಯಿಂದ ಮೂರನೆಯ ಸಲ ಕರೆ ಬಂತು. ಹಾಗೆಯೇ ವೆಲ್ಡ್ ಮಾಡಿದ. ಬೆಸುಗೆ ನೋಡಲು ಚೆನ್ನಾಗಿಯೇ ಬಂತು, ಮೀನಿನ ಹುರುಪೆ ಜೋಡಿಸಿದ ಹಾಗೆ. ಅದರ ಮೇಲೆ ಕಪ್ಪು ಬಣ್ಣ ಬಳಿದು, ಮೇಲೆ ಕಟ್ಟುವಾಗ ಯಾವುದು ಆ ನಾಲ್ಕನೆಯದು ಎಂದು ತನಗೇ ಗೊತ್ತಾಗದ ಹಾಗೆ ಕಲಸಿ ಇಟ್ಟ. ಬೇಕೆಂದೇ ಕಲಸಿದ್ದೇ? ಅದು ಇವತ್ತಿಗೂ ಅವನಿಗೆ ಖಚಿತವಿಲ್ಲ.

“ಎಷ್ಟು ಉಂಟು?” ಎಂದು ಭವ್ಯಶ್ರೀ ಮೇಲಿನಿಂದ ಕೇಳಿದಾಗ ಕಣ್ಣು ತೆರೆದ. ಅಳತೆ ಹೇಳಿದ. ಚಕ್ರ ಪೂರ್ತಿ ಕೆಳಗೆ ಇಳಿದಾಗ ಎಷ್ಟು, ಜಾಕಿನಿಂದ ಪೂರ್ತಿ ಮೇಲೆ ಒತ್ತಿದಾಗ ಎಷ್ಟು. ತಂದ ಶಾಕುಗಳು ಎಳೆದಾಗ ಎಷ್ಟು, ಒತ್ತಿದಾಗ ಎಷ್ಟು. ಅವಳು ಫೋನಿನಲ್ಲಿ ಬರೆದುಕೊಂಡಳು. ಉದ್ದ ಸರಿಯಾಗುತ್ತದೆ. ಆದರೆ ಇವುಗಳ ಮೇಲ್ತುದಿಯಲ್ಲಿ ಇರುವುದು ಬೋಲ್ಟಿನ ಹಾಗೆ ನಟ್ಟು ಕೂರುವ ಸುತ್ತುಗೆರೆ ಇರುವ ರಾಡು, ಜೀಪಿಗೆ ಬೇಕಾದದ್ದು ಉಂಗುರ. ಅದೇ ಹಳೆಯ ಸಮಸ್ಯೆ, ಅದಕ್ಕೆ ಅದೇ ಹಳೆಯ ಅರ್ಧ ಗಂಟೆಯ ಉಪಾಯ. ಅರ್ಧ ಗಂಟೆ, ಹಾಗಾದರೆ ಕಾಯುತ್ತೇವೆ ಎಂದಳು ಅವಳು. ಒಸ್ವಾಲ್ಡ್ ಹೊಂಡದಿಂದ ಮೇಲೆ ಬಂದು, ಇಲ್ಲ, ಗಾಡಿ ಬಿಟ್ಟುಹೋಗಿ, ಮಂಗಳವಾರ ಸಂಜೆ ಬನ್ನಿ ಎಂದ. ಯಾಕೆ ಎಂದು ಅವಳು ಕೇಳಿದಳು. ಬೇರೆ ರೀತಿ ಮಾಡಬೇಕು ಎಂದಷ್ಟೇ ಹೇಳಿದ. ಹಿತೇಶ್ ಆಗಲೇ ಫೋನಿನಲ್ಲಿ ಕಾಟಿಪಳ್ಳದ ಬಸ್ಸು ಎಷ್ಟು ಹೊತ್ತಿಗೆ ಎಂದು ನೋಡುತ್ತಿದ್ದ.

ಹಬ್ಬದ ಮರುದಿನ ಮುರಿದದ್ದು ಆ ನಾಲ್ಕನೆಯದೇ. ಕಾರ್ಕಳದ ಆಚೆ ಒಂದು ಗುಡ್ಡದ ದಾರಿ ಇಳಿಯುವಾಗ ಬೆಸುಗೆ ಬಿಟ್ಟು, ಶಾಕು ಕೆಳತುದಿಯಲ್ಲಿ ಮಾತ್ರ ನೇತಾಡಿ, ಪಕ್ಕದಲ್ಲಿ ಹಾದುಹೋಗುವ ಬ್ರೇಕಿನ ರಬ್ಬರು ಕೊಳವೆಯನ್ನು ಹರಿದು ಹಾಕಿತ್ತು. ಬ್ರೇಕಿಲ್ಲದ ಗಾಡಿಯನ್ನು ಹಿತೇಶ್ ಎಡಗಡೆಯ ಮಣ್ಣಿನ ಗೋಡೆಗೆ ಗುದ್ದಿ ನಿಲ್ಲಿಸಿದ್ದ; ಬಲಗಡೆ ಆಳದಲ್ಲಿ ಹರಿಯುವ ತೋಡು. ಭವ್ಯಶ್ರೀಯ ಮಣಿಕಟ್ಟು ಮುರಿದದ್ದು ಆಗ. ಎಳೆದು ತಂದ ಗಾಡಿಯ ಅಡಿಗೆ ಮೊದಲು ಇಳಿದವನು ಒಸ್ವಾಲ್ಡ್, ಒಬ್ಬನೇ ಇದ್ದ. ಬೆಸುಗೆ ಬಿಟ್ಟ ಜಾಗದಲ್ಲಿ ರಾಡು ಹೊಚ್ಚ ಹೊಸದರ ಹಾಗೆ ಹೊಳೆಯುತ್ತಿತ್ತು, ಅವನ ಮೂಗು ಅದರಲ್ಲಿ ಉದ್ದವಾಗಿ ಕಾಣುತ್ತಿತ್ತು. ಅದನ್ನು ಬಿಚ್ಚಿ ಗುಜರಿಯ ರಾಶಿಗೆ ಹಾಕಿದ, ಆ ವಾರವೇ ಗುಜರಿಯ ಅಬೂಬಕ್ಕರ್ ಬಂದು ಕೊಂಡುಹೋದ. ಹಿತೇಶ್ ಬಂದು, ಪೆಡಲು ಸೀದಾ ಒಳಗೆ ಹೋಯಿತು ಪೊರ್ಬುಲೆ, ಎಂತ ಆದದ್ದು ಎಂದು ಕೇಳಿದಾಗ ಒಸ್ವಾಲ್ಡ್ ಸುಳ್ಳು ಹೇಳಲಿಲ್ಲ. ಅದನ್ನೇ ಅವನು ಮೂರು ವರ್ಷ ತನಗೆ ತಾನೇ ಹೇಳಿಕೊಂಡದ್ದು. ಸುಳ್ಳು ಹೇಳಲಿಲ್ಲ, ಒಂದು ಪ್ರಶ್ನೆ ಕೇಳಿದ. “ನೀವು ನ್ಯೂಟ್ರಲ್‌ನಲ್ಲಿ ಇಳಿಸಿದ್ದಿರಾ?” ಎಂದು. ಗೇರಿಲ್ಲದೆ ಇಳಿಸಿದರೆ ಬ್ರೇಕು ಕಾದು ಕೈಕೊಡುತ್ತದೆ, ಆಗ ತಪ್ಪು ಓಡಿಸಿದವನದು. ಬ್ರೇಕಿನ ಕೊಳವೆ ಗುದ್ದಿದ ಪೆಟ್ಟಿಗೆ ಹರಿದಿರಬಹುದು ಎಂದು ಹಿತೇಶನೇ ಆಮೇಲೆ ಊಹಿಸಿಕೊಂಡ. ಆ ಕ್ಷಣ ಅವನು, ನ್ಯೂಟ್ರಲ್ಲಾ ಎಂದು ಯೋಚಿಸಿದ. ಇರಲಿಕ್ಕಿಲ್ಲ ಎಂದ. ಮತ್ತೆ, ಗೊತ್ತಿಲ್ಲ ಎಂದ. ಅವನ ಮುಖದಲ್ಲಿ ಆ ಗೊತ್ತಿಲ್ಲ ಎಂಬುದು ಇಳಿದುಕೊಂಡ ಕ್ಷಣವನ್ನು ಒಸ್ವಾಲ್ಡ್ ಕಣ್ಣಾರೆ ನೋಡಿದ್ದ, ನೋಡಿ, ಕೈ ಒರೆಸುವ ಬಟ್ಟೆ ಹುಡುಕಿದ್ದ.

ಆ ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಲೂರ್ಡ್ಸ್ ಬಂಗುಡೆ ಮೀನಿನ ಸಾರು ಬಡಿಸಿ ಎದುರಿಗೆ ಕೂತಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಎದುರಿದ್ದವರು ಎಷ್ಟು ತುತ್ತು ತಿಂದರೆಂಬುದನ್ನು ಲೆಕ್ಕವಿಲ್ಲದೆಯೂ ತಿಳಿಯಬಲ್ಲವಳು. ಆ ಜೀಪು ಬಂತಲ್ಲ ಎಂದಳು. ಸದ್ದು ಅವಳಿಗೂ ಗೊತ್ತಿತ್ತು. ಒಸ್ವಾಲ್ಡ್ ಹೇಳಿದ; ಮೊದಲನೆಯ ಸಲ ಪೂರ್ತಿ ಹೇಳಿದ. ಹಿಂದೊಮ್ಮೆ ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಇಗರ್ಜಿಯಲ್ಲಿ ಪಾಪನಿವೇದನೆಗೆ ಹೋದಾಗ ಕೆಲಸದಲ್ಲಿ ಉದಾಸೀನ ಮಾಡಿದ್ದೇನೆ ಎಂದಿದ್ದ, ಪ್ರಾಯಶ್ಚಿತ್ತಕ್ಕೆ ಮೂರು ಪ್ರಾರ್ಥನೆ ಹೇಳಲು ಸಿಕ್ಕಿತ್ತು, ಹೇಳಿಯೂ ಆಗಿತ್ತು. ಅದೆಷ್ಟು ಅಗ್ಗಕ್ಕೆ ಮುಗಿಯಿತು ಎಂದು ಮೆಟ್ಟಿಲು ಇಳಿಯುವಾಗಲೇ ಅನ್ನಿಸಿತ್ತು. ಈಗ ಹೆಂಡತಿಯ ಎದುರು ಹಬ್ಬದ ಊಟ, ಮುರಿದ ಗ್ರೈಂಡರಿನ ಚಕ್ರ, ಕೇಳಿದ ಪ್ರಶ್ನೆ, ಎಲ್ಲವನ್ನೂ ಹೇಳುವಾಗ ಅನ್ನ ತಣ್ಣಗಾಯಿತು. ಆ ದಿನ ಮೂರು ಸಲ ಫೋನು ಮಾಡಿದವಳು ಲೂರ್ಡ್ಸ್. ಅದನ್ನು ಅವನು ಹೇಳದೆ ಹಾರಿಸಿದ. ಅವಳೇ ಹೇಳಿದಳು, ನಾನೇ ಅಲ್ಲವೇ ಕರೆದದ್ದು ಎಂದು.

“ಹೇಳುವುದಾದರೆ ಯಾರಿಗೆ ಬೇಕಾಗಿ ಹೇಳ್ತೀ, ಅದನ್ನು ಮೊದಲು ನೋಡು,” ಎಂದಳು ಲೂರ್ಡ್ಸ್. “ನಿನಗೆ ಹಗುರ ಆಗ್ಲಿಕ್ಕೆ ಆದರೆ ಪುನಃ ಪಾದ್ರಿಯವರ ಹತ್ತಿರ ಹೋಗು. ಅವನಿಗೆ ಬೇಕಾಗಿ ಆದರೆ ಅವನ ಹತ್ತಿರ ಹೋಗು.”

ಸೋಮವಾರ ಇಡೀ ದಿನ, ಮಂಗಳವಾರ ಮಧ್ಯಾಹ್ನದವರೆಗೆ ಒಸ್ವಾಲ್ಡ್ ಆ ಜೀಪಿನ ಅಡಿಯಲ್ಲೇ ಇದ್ದ. ಶಾಕುಗಳಿಗೆ ಅವನು ಬೆಂಕಿ ಮುಟ್ಟಿಸಲಿಲ್ಲ. ಶಾಕನ್ನು ಗಾಡಿಗೆ ಒಗ್ಗಿಸುವ ಬದಲು ಗಾಡಿಯನ್ನೇ ಶಾಕಿಗೆ ಒಗ್ಗಿಸಿದ. ದಪ್ಪ ತಗಡು ಕತ್ತರಿಸಿ, ಮಡಚಿ, ಚಾಸಿಯ ಮೇಲೆ ಹೊಸ ಹಿಡಿಕೆಗಳನ್ನು ಕೂರಿಸಿ, ಅವುಗಳ ತೂತಿನಿಂದ ಆ ಸುತ್ತುಗೆರೆಯ ರಾಡು ಹಾಗೆಯೇ ಮೇಲೆ ಬಂದು, ಎರಡು ರಬ್ಬರುಗಳ ನಡುವೆ ನಟ್ಟಿನಿಂದ ಬಿಗಿಯಾಗುವ ಹಾಗೆ ಮಾಡಿದ. ಚಕ್ರ ಮೇಲೆ ಬಂದಾಗ ಶಾಕು ಪೂರ್ತಿ ಮುಚ್ಚುವ ಮೊದಲೇ ಆತುಕೊಳ್ಳುವ ಹಾಗೆ ಚಾಸಿಯ ರಬ್ಬರಿನ ತಡೆಗಳನ್ನು ಕೆಳಕ್ಕೆ ಇಳಿಸಿದ. ಚಕ್ರ ಕೆಳಗೆ ಬೀಳುವಾಗ ಶಾಕಿನ ಮೇಲೇ ಭಾರ ಬೀಳದ ಹಾಗೆ ಪಟ್ಟಿ ಕಟ್ಟಿದ. ಬ್ರೇಕಿನ ಕೊಳವೆಗೆ ಉದ್ದನೆಯ ಹೊಸದು ಹಾಕಿ, ಶಾಕಿನಿಂದ ಒಂದು ಗೇಣು ದೂರ, ಚಾಸಿಯ ಒಳಬದಿಯಿಂದ ಒಯ್ದ. ಕೆಲಸ ಒಳ್ಳೆಯದಾಗುತ್ತಾ ಹೋದಂತೆ ಅವನಿಗೆ ಸಂತೋಷವಾಗಲಿಲ್ಲ. ಇಷ್ಟೇ ಅಲ್ಲವೇ ಇದು, ಎರಡು ದಿನದ ಕೆಲಸ, ಆಗಲೂ ಇಷ್ಟೇ ಇತ್ತಲ್ಲ ಎಂದು ಪ್ರತಿ ನಟ್ಟು ಬಿಗಿಯುವಾಗಲೂ ಅನ್ನಿಸಿತು. ಹೇಳಬೇಕಾದ ಮಾತನ್ನು ಕೊಂಕಣಿಯಲ್ಲಿ, ತುಳುವಿನಲ್ಲಿ, ಕನ್ನಡದಲ್ಲಿ ಜೋಡಿಸಿ ನೋಡಿದ. ಮೂರರಲ್ಲೂ ಅದು ಹಬ್ಬದ ದಿನದಿಂದ ಶುರುವಾಗಿ ನೆಪದ ಹಾಗೆ ಕೇಳುತ್ತಿತ್ತು. ಹಬ್ಬವನ್ನು ಬಿಟ್ಟು ಹೇಳಬೇಕು ಎಂದುಕೊಂಡ.

ಮಂಗಳವಾರ ಐದು ಗಂಟೆಗೆ ಅವರಿಬ್ಬರೂ ಬಸ್ಸಿಳಿದು ನಡೆದುಕೊಂಡು ಬಂದರು. ಭವ್ಯಶ್ರೀ ಹೊಂಡಕ್ಕೆ ಇಳಿದು, ಫೋನಿನ ಬೆಳಕು ಹಾಕಿ, ಒಂದೊಂದೇ ಹಿಡಿಕೆಯನ್ನು ನೋಡಿದಳು. ಚೆನ್ನಾಗಿದೆ, ಆದರೆ ಇಷ್ಟೆಲ್ಲ ಯಾಕೆ, ಕಳೆದ ಸಲದ್ದೇ ಸಾಕಿತ್ತಲ್ಲ ಎಂದಳು. ಒಸ್ವಾಲ್ಡ್ ಅವಳಿಗೆ ಉತ್ತರ ಕೊಡದೆ ಪೇರಳೆ ಮರದ ಹತ್ತಿರ ಹೋದ, ಹಿತೇಶನ ಎದುರು ನಿಂತ.

“ಹಿತೇಶ್, ನಿಮ್ಮ ಕಾಲು ಬ್ರೇಕಿನ ಮೇಲೇ ಇತ್ತು. ಬ್ರೇಕೇ ಇರಲಿಲ್ಲ. ನನ್ನ ವೆಲ್ಡಿಂಗ್ ಬಿಟ್ಟು, ಶಾಕ್ ಹೋಗಿ ಬ್ರೇಕ್ ಹೋಸನ್ನು ಹರಿದದ್ದು. ನನಗೆ ಅದೇ ದಿನ ಗೊತ್ತಾಗಿದೆ.”

ಹಿತೇಶ್ ಅವನ ಮುಖ ನೋಡಿದ. ಒಸ್ವಾಲ್ಡ್ ಸಿಟ್ಟಿಗೆ ತಯಾರಾಗಿದ್ದ, ಹೊಡೆದರೆ ಹೊಡೆಯಲಿ ಎಂದೂ ತಯಾರಾಗಿದ್ದ. ಆದರೆ ಹಿತೇಶನ ಕಣ್ಣಿನಲ್ಲಿ ಬಂದದ್ದು ಒಂಥರದ ದಯೆ. ಅವನು ನಿಧಾನವಾಗಿ ತಲೆಯಾಡಿಸಿ, “ನನಗೆ ಸಮಾಧಾನ ಆಗ್ಲಿ ಅಂತ ಹೇಳುವುದು ಬೇಡ ಪೊರ್ಬುಲೆ. ನನ್ನ ಅಕ್ಕನೂ ಹೀಗೇ ಹೇಳ್ತಾಳೆ. ಆಗಿ ಹೋಯ್ತು. ನಾನೇ ತಪ್ಪಿದ್ದು,” ಎಂದ.

ಇದಕ್ಕೆ ಒಸ್ವಾಲ್ಡ್ ತಯಾರಾಗಿರಲಿಲ್ಲ. ಮೂರು ವರ್ಷ ಮುಚ್ಚಿಟ್ಟದ್ದನ್ನು ಹೊರಗೆ ಇಟ್ಟರೆ ಅದನ್ನು ಉಪಕಾರವೆಂದು ತಿಳಿದು ಹಿಂದಕ್ಕೆ ಕೊಡುತ್ತಿದ್ದಾನಲ್ಲ ಇವನು. ತೋರಿಸೋಣವೆಂದರೆ ಆ ರಾಡು ಎಂದೋ ಕರಗಿ ಇನ್ನೇನೋ ಆಗಿಹೋಗಿದೆ. ತಾನು ಅಂದು ಕೇಳಿದ ಒಂದು ಪ್ರಶ್ನೆ ಈ ಮನುಷ್ಯನೊಳಗೆ ಎಷ್ಟು ಆಳಕ್ಕೆ ಹಿಡಿದಿದೆಯೆಂದರೆ ಈಗ ಅದನ್ನು ತನ್ನಿಂದಲೇ ಕೀಳಲು ಆಗುತ್ತಿಲ್ಲ. ಮಾತಿನಿಂದ ಆಗುವುದಿಲ್ಲ ಎಂದು ಹೊಳೆದದ್ದೇ ಅವನು ಒಳಗೆ ಹೋಗಿ, ಸತ್ತ ಶಾಕೊಂದರ ರಾಡನ್ನು ಕತ್ತರಿಸಿ ತಂದು ಬೆಂಚಿನ ಮೇಲಿನ ವೈಸ್ ಇಕ್ಕಳದಲ್ಲಿ ಬಿಗಿದ. ಇಬ್ಬರನ್ನೂ ಹತ್ತಿರ ಕರೆದ. ಕ್ರೋಮಿನ ಮೇಲೆ ಬೆರಳಿಟ್ಟು ತೋರಿಸಿ, ಇದನ್ನು ಉಜ್ಜಬೇಕಿತ್ತು, ನಾಲ್ಕರಲ್ಲಿ ಒಂದನ್ನು ನಾನು ಉಜ್ಜಿರಲಿಲ್ಲ ಎಂದ. ಆಮೇಲೆ ಅಂದು ಮಾಡಿದ ಹಾಗೆಯೇ, ಉಜ್ಜದೆ, ಒಂದು ಉಂಗುರ ಇಟ್ಟು ವೆಲ್ಡ್ ಮಾಡಿದ. ನೋಡಬೇಡಿ, ಕಣ್ಣಿಗೆ ಆಗುವುದಿಲ್ಲ ಎಂದಾಗ ಇಬ್ಬರೂ ಮುಖ ತಿರುಗಿಸಿದರು. ಬೇಕೆಂದೇ ಕೆಟ್ಟ ಕೆಲಸ ಮಾಡುವುದು ಎಷ್ಟು ಕಷ್ಟವೆಂದು ಅವನಿಗೆ ಈಗ ಗೊತ್ತಾಯಿತು, ಕೈ ತಾನಾಗಿ ಸರಿ ಮಾಡಲು ಹೋಗುತ್ತಿತ್ತು. ತಣ್ಣಗಾಗುವವರೆಗೆ ಮೂವರೂ ಕಾದರು. ಬೆಸುಗೆ ಚೆನ್ನಾಗಿಯೇ ಕಾಣುತ್ತಿತ್ತು.

ಸುತ್ತಿಗೆ ಎತ್ತಿ ಹೊಡೆದ. ಏನೂ ಆಗಲಿಲ್ಲ. ಎರಡನೆಯ ಪೆಟ್ಟಿಗೆ ಇಕ್ಕಳವೇ ಅಲುಗಾಡಿತು, ಉಂಗುರ ಗಟ್ಟಿಯಾಗಿ ನಿಂತಿತ್ತು. ಹಿತೇಶ್, ಸಾಕು ಬಿಡಿ ಪೊರ್ಬುಲೆ ಎಂದು ಕೈ ಹಿಡಿಯಲು ಬಂದ. ಮುರಿಯದೇ ಹೋದರೆ? ಇದುವರೆಗೆ ತನ್ನ ಕೆಲಸ ಮುರಿಯದಿರಲಿ ಎಂದು ಬೇಡಿಕೊಂಡವನು ಈಗ ಜೀವಮಾನದಲ್ಲಿ ಮೊದಲ ಸಲ ಮುರಿಯಲಿ ದೇವರೇ ಎಂದು ಬೇಡಿಕೊಂಡ. ಮೂರನೆಯದಕ್ಕೂ ಇಲ್ಲ. ಬೆವರು ಕಣ್ಣಿಗಿಳಿದು ಉರಿಯಿತು, ಲೂರ್ಡ್ಸ್ ಮನೆಯ ಬಾಗಿಲಲ್ಲಿ ಬಂದು ನಿಂತದ್ದು ಮಂಜಾಗಿ ಕಾಣಿಸಿತು. ನಾಲ್ಕನೆಯ ಪೆಟ್ಟಿಗೆ ಉಂಗುರ ಟಣ್ಣೆಂದು ಹಾರಿ ನೆಲದ ಮೇಲೆ ಉರುಳಿಕೊಂಡು ಹೋಗಿ ಹಿತೇಶನ ಚಪ್ಪಲಿಗೆ ತಾಗಿ ನಿಂತಿತು. ಒಸ್ವಾಲ್ಡ್ ರಾಡನ್ನು ಬಿಡಿಸಿ ಅವನ ಕೈಗೆ ಕೊಟ್ಟ. ಬೆಸುಗೆ ಇದ್ದ ಜಾಗದಲ್ಲಿ ಕ್ರೋಮು ಅಲ್ಲಲ್ಲಿ ಸುಟ್ಟು, ಉಳಿದ ಕಡೆ ಹಾಗೆಯೇ ಹೊಳೆಯುತ್ತಿತ್ತು.

ಹಿತೇಶ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅವನ ಬಲಗಾಲು ನಿಂತಲ್ಲೇ ಒಮ್ಮೆ ನೆಲವನ್ನು ಒತ್ತಿತು. “ಪೆಡಲ್ ಒಳಗೆ ಹೋಗಿತ್ತು,” ಎಂದ, ಯಾರಿಗೂ ಅಲ್ಲ. “ನಾನು ಎಲ್ಲರಿಗೂ ಅದನ್ನೇ ಹೇಳಿದ್ದು. ಆಮೇಲೆ ನನಗೇ ಸಂಶಯ ಬಂತು.”

ಭವ್ಯಶ್ರೀ ಬೆಂಚಿಗೆ ಆತುಕೊಂಡು ನಿಂತಿದ್ದಳು. ಅವಳು ಗಂಡನನ್ನು ನೋಡಲಿಲ್ಲ, ನೋಡಲಾಗಲಿಲ್ಲ ಎಂದೇ ಒಸ್ವಾಲ್ಡನಿಗೆ ಅನ್ನಿಸಿತು. “ಮೂರು ವರ್ಷ ನಾನು ಇವರಿಗೆ ಎಂತೆಲ್ಲ ಹೇಳಿದ್ದೇನೆ ಗೊತ್ತುಂಟಾ ನಿಮಗೆ?” ಎಂದಳು. “ಕೈ ನೋವು ಬಂದಾಗೆಲ್ಲ ಹೇಳಿದ್ದೇನೆ. ಇವರ ಅಮ್ಮನ ಎದುರು ಹೇಳಿದ್ದೇನೆ. ಅದನ್ನೆಲ್ಲ ಈಗ ಎಲ್ಲಿ ಹಾಕ್ಲಿ ನಾನು?”

ಒಸ್ವಾಲ್ಡ್ ಸುತ್ತಿಗೆಯನ್ನು ಬೆಂಚಿನ ಮೇಲಿಟ್ಟ. ತಪ್ಪಾಯಿತು ಎಂದ. ಹೇಳಿದ ಮೇಲೆ ಆ ಮಾತು ಬೆಂಚಿನ ಮೇಲೆ ಬಿದ್ದ ನಟ್ಟಿನಷ್ಟು ಸಣ್ಣದಾಗಿ ಕೇಳಿತು. ಅವಳು ಬಹಳ ಹೊತ್ತು ತನ್ನ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಳು. ಅದರ ಚಿತ್ರವನ್ನು ತಾನೇ ತೆಗೆದು ನೋಡಿದವಳು ಅವಳು, ಯಾವ ಎಲುಬು ಎಲ್ಲಿ ಕೂಡಿಕೊಂಡಿದೆ ಎಂದು ತಿಳಿದವಳು. ಕೊನೆಗೆ, ಗಾಡಿಯನ್ನು ಈಗ ಒಯ್ಯುವುದಿಲ್ಲ ಎಂದಳು. ಆದಿತ್ಯವಾರ ಇದನ್ನು ಕಾಟಿಪಳ್ಳದ ಆಚೆಯ ಹಳೆಯ ಕೆಂಪುಕಲ್ಲಿನ ಕೋರೆಗೆ ತರಬೇಕು, ಅಲ್ಲಿ ಅಭ್ಯಾಸ ಮಾಡುವ ಒಂದು ಇಳಿಜಾರು ಉಂಟು.

“ಇವರು ಗಾಡಿ ಬಿಡ್ತಾರೆ. ಪಕ್ಕದಲ್ಲಿ ನೀವು ಕೂತ್ಕೊಳ್ಳಬೇಕು,” ಎಂದಳು. “ನಾನು ಕೂತಿದ್ದ ಸೀಟಲ್ಲಿ.”

ಆ ನಾಲ್ಕು ದಿನ ಒಸ್ವಾಲ್ಡ್ ಪ್ರತಿದಿನ ಹೊಂಡಕ್ಕಿಳಿದು ಅದೇ ನಟ್ಟುಗಳಿಗೆ ಪಾನಾ ಹಾಕಿ ನೋಡಿದ. ಎಲ್ಲ ಬಿಗಿಯಾಗಿಯೇ ಇದ್ದವು. ಬಿಗಿಯಾಗಿವೆ ಎಂಬುದು ಕೈಗೆ ಗೊತ್ತಿತ್ತು, ಮನಸ್ಸಿಗೆ ಗೊತ್ತಿರಲಿಲ್ಲ. ಮಸ್ಕತ್ತಿನಲ್ಲಿ ಇದ್ದಾಗ ಬೇರೆಯವರು ಕೂರುವ ಗಾಡಿಗಳನ್ನು ಸರಿಮಾಡಿ ಕಳಿಸುತ್ತಿದ್ದ, ಅವು ದಿಬ್ಬಗಳ ಆಚೆ ಮರೆಯಾಗುವುದನ್ನು ನೋಡಿ ಚಹಾ ಕುಡಿಯುತ್ತಿದ್ದ. ತಾನು ಮಾಡಿದ ಕೆಲಸದ ಮೇಲೆ ತಾನೇ ಕೂತು ಇಂಥ ಕಡೆ ಇಳಿದದ್ದು ಎಷ್ಟು ಸಲ? ನೆನಪಾಗಲಿಲ್ಲ. ಆದಿತ್ಯವಾರ ಬೆಳಗಿನ ಪೂಜೆ ಮುಗಿಸಿ, ಲೂರ್ಡ್ಸ್ ಕೊಟ್ಟ ನೀರಿನ ಬಾಟಲಿ ಹಿಡಿದು, ಜೀಪನ್ನು ತಾನೇ ಓಡಿಸಿಕೊಂಡು ಕೋರೆಗೆ ಹೋದ. ಅವರಿಬ್ಬರೂ ಮೊದಲೇ ಬಂದಿದ್ದರು. ಕಲ್ಲು ಕಡಿದು ಬಿಟ್ಟ ಗೋಡೆಗಳು ಕೆಂಪಗೆ ಮೆಟ್ಟಿಲು ಮೆಟ್ಟಿಲಾಗಿ ನಿಂತಿದ್ದವು, ತಳದಲ್ಲಿ ಮಳೆಗಾಲದ ನೀರು ಇನ್ನೂ ಇತ್ತು, ದೂರದಲ್ಲಿ ರಿಫೈನರಿಯ ಚಿಮಿಣಿ. ಇಳಿಜಾರು ಅವನು ಅಂದುಕೊಂಡದ್ದಕ್ಕಿಂತ ಕಡಿದಾಗಿತ್ತು. ಅವನು ಇಳಿದು ಕೀಲಿಯನ್ನು ಹಿತೇಶನಿಗೆ ಕೊಟ್ಟ. ಹಿತೇಶ್ ತೆಗೆದುಕೊಂಡ, ಆದರೆ ಹತ್ತುವ ಮೊದಲು ನೆಲದ ಮೇಲೆ ಬೆನ್ನು ಹಾಕಿ ಮಲಗಿ ಜೀಪಿನ ಅಡಿಗೆ ಸರಿದ. ಬ್ರೇಕಿನ ಕೊಳವೆಯನ್ನು ಮುಂದಿನಿಂದ ಹಿಂದಿನವರೆಗೆ ಬೆರಳಿನಲ್ಲಿ ಹಿಂಬಾಲಿಸಿದ. ಹಳೆಯ ಹಿತೇಶ್ ಮಾಡುತ್ತಿದ್ದ ಹಾಗೆಯೇ, ಒಂದು ಪ್ರಶ್ನೆ ಕೇಳಿದ, ಈ ಪಟ್ಟಿ ಯಾಕೆ ಎಂದು. ಒಸ್ವಾಲ್ಡ್ ಬಗ್ಗಿ ವಿವರಿಸಿದ. ವಿವರಿಸುವಾಗ ಅವನ ಧ್ವನಿ ಮೊದಲ ಸಲ ಸರಿಯಾಗಿ ಬಂತು.

ಹಿತೇಶ್ ಸ್ಟೇರಿಂಗ್ ಹಿಡಿದು, ಬಿಟ್ಟು, ಮತ್ತೆ ಹಿಡಿದ. ಪಕ್ಕದಲ್ಲಿ ಒಸ್ವಾಲ್ಡ್ ಎದುರಿನ ಸರಳನ್ನು ಎರಡೂ ಕೈಯಲ್ಲಿ ಬಿಗಿಹಿಡಿದದ್ದನ್ನು ಹಿತೇಶ್ ನೋಡಿದ, ಅದರಿಂದ ಅವನಿಗೆ ಸ್ವಲ್ಪ ಧೈರ್ಯ ಬಂದ ಹಾಗೆ ಕಂಡಿತು. ಮೊದಲ ಗೇರಿನಲ್ಲಿ ಅಂಚಿಗೆ ತಂದು ಮುಂದಿನ ಚಕ್ರಗಳನ್ನು ಇಳಿಸಿದ. ಆಕಾಶ ಹೋಗಿ ಗಾಜಿನ ತುಂಬ ಕೆಂಪು ನೆಲ ಬಂತು. ಒಸ್ವಾಲ್ಡನ ದೇಹವೆಲ್ಲ ಮುಂದಕ್ಕೆ ಜಾರಿತು, ಅವನ ಬಲಗಾಲು ಇಲ್ಲದ ಬ್ರೇಕನ್ನು ತಗಡಿನ ಮೇಲೆ ಬಲವಾಗಿ ಒತ್ತಿತು. ಎಡ ಚಕ್ರ ಒಂದು ಕಡಿದ ಕಲ್ಲಿನ ಗುಳಿಗೆ ಇಳಿಯಿತು, ಈಗ ಬಡಿಯುತ್ತದೆ ಎಂದು ಅವನು ಹಲ್ಲು ಕಚ್ಚಿದ. ಬಡಿಯಲಿಲ್ಲ, ಗಾಡಿ ಉಸಿರು ಬಿಟ್ಟ ಹಾಗೆ ನಿಧಾನವಾಗಿ ಬಾಗಿ, ನಿಧಾನವಾಗಿ ಎದ್ದಿತು. ಇಳಿಜಾರಿನ ಸರಿ ಅರ್ಧದಲ್ಲಿ, ಎಲ್ಲಕ್ಕಿಂತ ಕಡಿದಾದ ಜಾಗದಲ್ಲಿ, ಹಿತೇಶ್ ಬ್ರೇಕು ಒತ್ತಿದ. ಜೀಪು ನಿಂತಿತು. ಅವನು ಹಾಗೆಯೇ ಒತ್ತಿಕೊಂಡು ಕೂತ. ಎಂಜಿನು ಗುರುಗುಟ್ಟುತ್ತಿತ್ತು, ಕೆಳಗಿನ ನೀರಿನಲ್ಲಿ ಒಂದು ಕೊಕ್ಕರೆ ಹೆಜ್ಜೆ ಎತ್ತಿ ಇಡುತ್ತಿತ್ತು. ಒಸ್ವಾಲ್ಡ್ ಅವನ ಕಡೆ ತಿರುಗಿದ. ಹಿತೇಶ್ ಅಳುತ್ತಿದ್ದ, ಕಾಲು ಮಾತ್ರ ಪೆಡಲಿನ ಮೇಲೆ ಗಟ್ಟಿಯಾಗಿತ್ತು. ಒಸ್ವಾಲ್ಡ್ ನೀರಿನ ಬಾಟಲಿ ಚಾಚಿದ. ಹಿತೇಶ್ ಅಲ್ಲೇ, ಆ ಇಳಿಜಾರಿನ ಮಧ್ಯದಲ್ಲೇ ಎರಡು ಗುಟುಕು ಕುಡಿದು ಹಿಂದಕ್ಕೆ ಕೊಟ್ಟ. ಆಮೇಲೆ ಬ್ರೇಕು ಸಡಿಲಿಸಿ, ಆತುರವಿಲ್ಲದೆ ತಳದವರೆಗೆ ಇಳಿಸಿದ.

ಭವ್ಯಶ್ರೀ ಬದಿಯ ಕಾಲುದಾರಿಯಿಂದ ಓಡಿಕೊಂಡೇ ಇಳಿದು ಬಂದಿದ್ದಳು. ಬಂದವಳು ಗಂಡನ ಬಾಗಿಲ ಹತ್ತಿರ ನಿಂತಳು. ತಿರುಗದ ಆ ಕೈಯಿಂದ ಅವನ ಶರಟಿನ ತೋಳಿಗೆ ಹತ್ತಿದ್ದ ಕೆಂಪು ಮಣ್ಣನ್ನು ಕೊಡವಿದಳು, ಒಂದೇ ಸಲಕ್ಕೆ ಹೋಗಲಿಲ್ಲ, ಕೊಡವುತ್ತಲೇ ಇದ್ದಳು. ಒಸ್ವಾಲ್ಡ್ ಆ ಕಡೆ ನೋಡದೆ ಇಳಿದು ಗಾಡಿಯ ಅಡಿಗೆ ಸರಿದ. ಒಂದು ಶಾಕನ್ನು ಅಂಗೈಯಿಂದ ಹಿಡಿದ, ಆಮೇಲೆ ಇನ್ನೊಂದನ್ನು. ತೆವಳಿಕೊಂಡು ಹಿಂದೆ ಹೋಗಿ ಉಳಿದೆರಡನ್ನೂ ಹಿಡಿದು ನೋಡಿದ.

ಎಂತ ಆಯ್ತು ಎಂದು ಭವ್ಯಶ್ರೀ ಕುಕ್ಕರಗಾಲಲ್ಲಿ ಕೂತು ಬಗ್ಗಿ ಕೇಳಿದಳು. ಅವಳು ಅವನೊಡನೆ ನೇರವಾಗಿ ಮಾತಾಡಿದ್ದು ಆ ಮಂಗಳವಾರದ ನಂತರ ಇದೇ ಮೊದಲು.

“ಬಿಸಿ ಆಗಿದೆ,” ಎಂದ ಒಸ್ವಾಲ್ಡ್. “ನಾಲ್ಕೂ.”

“ಬಿಸಿ ಆದರೆ ಹಾಳಾ?”

“ಅಲ್ಲ, ಒಳ್ಳೆಯದು. ಪೆಟ್ಟನ್ನೆಲ್ಲ ಅದು ತೆಗೊಂಡಿದೆ ಅಂತ ಅರ್ಥ. ತಣ್ಣಗೆ ಇದ್ದರೆ ಹೆದರಬೇಕು.”

ಅವಳು ಕೈ ಚಾಚಿ ತನ್ನ ಹತ್ತಿರದ ಶಾಕನ್ನು ಮುಟ್ಟಿದಳು, ಬೆರಳು ತೆಗೆಯದೆ ಹಾಗೆಯೇ ಹಿಡಿದುಕೊಂಡಳು. ಎದ್ದು ನಿಂತು ಸೀರೆಯ ಮಣ್ಣು ಕೊಡವಿಕೊಂಡಾಗ ಅವಳ ಧ್ವನಿಯಲ್ಲಿ ಹಳೆಯ ಚುರುಕು ಬಂದಿತ್ತು. ಇನ್ನೊಮ್ಮೆ ಇಳಿಯುವ, ಈ ಸಲ ತಾನು ಗಾಡಿ ಬಿಡುವುದು ಎಂದಳು. ಹಿತೇಶ್ ಹಿಂದಿನ ಸೀಟಿಗೆ ಹತ್ತಿದ. ಒಸ್ವಾಲ್ಡ್ ಗಾಡಿಯ ಅಡಿಯಿಂದ ಹೊರಗೆ ಬಂದು, ತನ್ನ ಕೆಲಸ ಮುಗಿಯಿತೋ ಇಲ್ಲವೋ ತಿಳಿಯದೆ, ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ನಿಂತ.

“ನಿಂತದ್ದು ಎಂತ ಪೊರ್ಬುಲೆ, ಹತ್ತಿ,” ಎಂದಳು ಭವ್ಯಶ್ರೀ.

ಅವನು ಹತ್ತಿದ.